ಕುರ್ಚಿ ಒರೆಸಲು ಹೋದ ಶನಿವಾರ

ಕಳೆದ ಮಳೆಗಾಲದಲ್ಲಿ ನಮ್ಮ ಕ್ರೈಸ್ತ ಸಭೆಗೆ ಜಾಗ ಇಲ್ಲದಂತಾಯಿತು. ಕಾರವಾರದಲ್ಲಿ ಒಂದು ಅಂಗಡಿಯ ಮೇಲಿನ ಹಾಲ್ ಬಾಡಿಗೆಗೆ ಹಿಡಿದು ಒಂಬತ್ತು ವರ್ಷ ಅಲ್ಲೇ ಭಾನುವಾರದ ಆರಾಧನೆ ನಡೆಸಿದ್ದೆವು. ಮಾಲೀಕರಿಗೆ ಬೇರೆ ಏನಕ್ಕೋ ಜಾಗ ಬೇಕಾಯಿತು, ತಿಂಗಳೊಳಗೆ ಖಾಲಿ ಮಾಡಿ ಅಂದರು. ಕೇಳಿಕೊಂಡೆವು, ಆಗಲಿಲ್ಲ.

ನನಗೆ ಆದ ಸಂಕಟ ಬೇರೆಯವರಿಗಿಂತ ಜಾಸ್ತಿ ಇತ್ತು ಅನ್ನಿಸುತ್ತದೆ. ಆ ಹಾಲ್ ಸ್ವಚ್ಛ ಮಾಡುವುದು ನನ್ನ ಪಾಲಿನ ಕೆಲಸ. ಪ್ರತಿ ಶನಿವಾರ ಸಂಜೆ ಹೋಗಿ ಗುಡಿಸಿ, ಫಿನಾಯಿಲ್ ಹಾಕಿ ಒರೆಸಿ, ಕುರ್ಚಿ ಸಾಲಾಗಿ ಇಟ್ಟು, ಪ್ರಸಂಗ ಪೀಠದ ಬಟ್ಟೆ ಬದಲಿಸಿ ಬರುತ್ತಿದ್ದೆ. ಪ್ರಾರ್ಥನೆಗೆ ಕುಳಿತಾಗ ಸಿಗದ ಸಮಾಧಾನ ಎಷ್ಟೋ ಸಲ ಆ ಒದ್ದೆ ನೆಲದ ಮೇಲೆ ಸಿಕ್ಕಿದೆ. ಕೊನೆಯ ದಿನ ಜೋರು ಮಳೆಯಲ್ಲೇ ಕುರ್ಚಿಗಳನ್ನು ಟೆಂಪೋಗೆ ಹಾಕಿದಾಗ ಅತ್ತುಬಿಟ್ಟೆ.

ಕುರ್ಚಿಗಳು ಹೋಗಿದ್ದು ಕೋಡಿಬಾಗದ ಒಬ್ಬ ಅಜ್ಜಿಯ ಮನೆಗೆ, ಅವರ ಜಗಲಿ ದೊಡ್ಡದು ಅಂತ. ಅಜ್ಜಿ ನಮ್ಮ ಸಭೆಯವರೇ. ಸೊಂಟದ ಮೂಳೆ ಮುರಿದು ಎರಡು ವರ್ಷದಿಂದ ಹಾಸಿಗೆಯಲ್ಲಿದ್ದಾರೆ. ಮೆಟ್ಟಿಲು ಹತ್ತಿ ಹಾಲ್‌ಗೆ ಬರುವ ಮಾತೇ ಇರಲಿಲ್ಲ. ನಾವು ಕ್ರಿಸ್‌ಮಸ್‌ಗೆ ಒಮ್ಮೆ, ಈಸ್ಟರ್‌ಗೆ ಒಮ್ಮೆ ಹೋಗಿ ಒಂದು ಹಾಡು ಹಾಡಿ, ಪ್ರಾರ್ಥಿಸಿ, ಚಹಾ ಕುಡಿದು ಬರುತ್ತಿದ್ದೆವು.

ಮುಂದಿನ ಶನಿವಾರ ಸಂಜೆ ನಾಲ್ಕಾಯಿತು, ಮನೆಯಲ್ಲಿ ಸುಮ್ನೆ ಕೂರಲು ಆಗಲಿಲ್ಲ. ಕುರ್ಚಿಗಳಾದರೂ ಒರೆಸಿ ಬರೋಣ, ಮಳೆಗೆ ಬೂಷ್ಟು ಹಿಡಿದಿರುತ್ತದೆ ಅಂತ ಬಟ್ಟೆ ತೆಗೆದುಕೊಂಡು ಹೊರಟೆ. ನಾಲ್ಕನೇ ಕುರ್ಚಿ ಒರೆಸುವಾಗ ಒಳಗಿನಿಂದ ಅಜ್ಜಿಯ ಸೊಸೆ ಕೂಗಿದರು, "ತಂಗೀ, ಸ್ವಲ್ಪ ಬಾ ಇಲ್ಲಿ, ಇವತ್ತು ಇವರೂ ಮನೇಲಿಲ್ಲ. ಅತ್ತೆಯನ್ನ ಮಗ್ಗುಲು ಬದಲಿಸಬೇಕು, ನನ್ನೊಬ್ಬಳಿಂದ ಆಗೋದಿಲ್ಲ."

ಹಾಸಿಗೆ ಹಿಡಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕಂತೆ, ಹಗಲೂ ರಾತ್ರಿಯೂ. ಇಲ್ಲದಿದ್ದರೆ ಮೂಳೆ ಒತ್ತುವ ಕಡೆ ರಕ್ತ ಓಡದೆ ಚರ್ಮ ಸತ್ತು ಹುಣ್ಣಾಗುತ್ತದೆ. ಇದೆಲ್ಲ ನನಗೆ ಆವತ್ತೇ ತಿಳಿದದ್ದು. ಬೆಡ್‌ಶೀಟನ್ನು ಮಡಚಿ ಅಜ್ಜಿಯ ಬೆನ್ನಿನಿಂದ ತೊಡೆಯವರೆಗೆ ಅಡಿಗೆ ಹಾಕಿದ್ದರು. ಆಚೆ ಸೊಸೆ, ಈಚೆ ನಾನು, ಬೆಡ್‌ಶೀಟಿನ ಅಂಚು ಹಿಡಿದು ಒಂದೇ ಸಲ ಎತ್ತಿ ತಿರುಗಿಸಿದೆವು. ಎಳೆದರೆ ಚರ್ಮ ಉಜ್ಜುತ್ತದೆ, ಎತ್ತಬೇಕು. ಸೊಂಟದ ಕೆಳಗೆ ರೂಪಾಯಿ ನಾಣ್ಯದಷ್ಟು ಜಾಗ ಕೆಂಪಾಗಿತ್ತು. ನಾನು ಎಣ್ಣೆ ಹಚ್ಚಿ ತಿಕ್ಕಲು ಹೋದೆ, ಸೊಸೆ ಕೈ ಹಿಡಿದರು. ಕೆಂಪಾದ ಕಡೆ ತಿಕ್ಕಲೇಬಾರದಂತೆ. ಬಿಸಿನೀರಲ್ಲಿ ಹಳೇ ಸೀರೆಯ ತುಂಡು ಅದ್ದಿ, ಹಿಂಡಿ, ಮೆಲ್ಲಗೆ ಒತ್ತಿ ಒತ್ತಿ ಒರೆಸಿದೆ. ಬೆರಳಿನ ಸಂದಿ, ಕಂಕುಳು, ಹಿಮ್ಮಡಿ. ಆ ಹಿಮ್ಮಡಿ ಎಷ್ಟು ಹಗುರ ಇತ್ತು ಅಂದರೆ ಅಂಗೈಯಲ್ಲಿ ಏನೂ ಇಟ್ಟ ಹಾಗೇ ಆಗಲಿಲ್ಲ.

ಅಜ್ಜಿ ಕಣ್ಣು ಮುಚ್ಚಿಕೊಂಡೇ ಮಾತಾಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಪಕ್ಕದ ಮನೆಯ ಕ್ಯಾಥೋಲಿಕ್ ಹೆಂಗಸರ ಜೊತೆ ದೋಣಿ ಹತ್ತಿ ಅಂಜುದೀವಿಗೆ ಹೋಗಿದ್ದರಂತೆ, ಫೆಬ್ರುವರಿ 2ರ ಮಾತೆಯ ಹಬ್ಬಕ್ಕೆ. ಪೋರ್ಚುಗೀಸರ ಕಾಲದ ಇಗರ್ಜಿ ಅದು. ದ್ವೀಪ ಈಗ ನೌಕಾಪಡೆಯ ಕೈಯಲ್ಲಿದೆ, ಮೊದಲಿನ ಹಾಗೆ ಹಬ್ಬಕ್ಕೆ ಹೋಗುವಂತಿಲ್ಲ. "ಅಲ್ಲಿಗೂ ಹೋಗೋ ಹಾಗಿಲ್ಲ, ನಿಮ್ಮ ಹಾಲ್‌ಗೂ ಬರೋಕಾಗಲ್ಲ," ಅಂದು ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಅವನು ಇಲ್ಲೇ ಇದ್ದಾನೆ ತಂಗೀ, ರಾತ್ರಿ ನಿದ್ದೆ ಬರದಿದ್ದಾಗ ನಾವಿಬ್ರೇ," ಅಂದರು.

ನನ್ನ ಕೈ ನಿಂತಿತು. ಬೈಬಲ್‌ನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಮೂರನೇ ಅಧ್ಯಾಯ, ನೀವೇ ದೇವರ ಆಲಯ ಎಂಬ ಮಾತು, ಆರನೇ ಅಧ್ಯಾಯದಲ್ಲಿ ನಿಮ್ಮ ದೇಹ ಪವಿತ್ರಾತ್ಮನ ಆಲಯ ಎಂಬ ಮಾತು, ಇವನ್ನು ಭಾನುವಾರ ಶಾಲೆಯಿಂದ ಬಾಯಿಪಾಠ ಮಾಡಿದವಳು ನಾನು. ಯುವಕರ ಕೂಟದಲ್ಲಿ ಇದನ್ನು ಎತ್ತುತ್ತಿದ್ದದ್ದು ಸಿಗರೇಟು, ಕುಡಿತ ಬೇಡ ಅನ್ನಲು. ಹಾಗಾಗಿ ದೇವಾಲಯವಾದ ದೇಹ ಅಂದರೆ ನನ್ನ ಮನಸ್ಸಿಗೆ ಬರುತ್ತಿದ್ದದ್ದು ಗಟ್ಟಿಮುಟ್ಟಾದ, ಹುರುಪಿನ ದೇಹ. ಹುಣ್ಣಾಗುವ ದೇಹವಲ್ಲ, ಡೈಪರ್ ಹಾಕಿದ ದೇಹವಲ್ಲ.

ಆ ರಾತ್ರಿ ಮನೆಗೆ ಬಂದು ಮತ್ತೆ ಓದಿದೆ. ಪೌಲನು ಆ ಪತ್ರ ಬರೆದದ್ದು ಕ್ರಿ.ಶ. 55ರ ಸುಮಾರಿಗೆ. ಯೆರೂಸಲೇಮಿನ ದೇವಾಲಯ ಆಗ ಇನ್ನೂ ನಿಂತಿತ್ತು, ರೋಮನ್ನರು ಅದನ್ನು ಕೆಡವಿದ್ದು 70ರಲ್ಲಿ. ಅಂದರೆ ಕಟ್ಟಡ ಹೋಯಿತು ಅಂತ ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು, ಕಟ್ಟಡ ಇದ್ದಾಗಲೇ ಹೇಳಿದ್ದು. ಗ್ರೀಕಿನಲ್ಲಿ ಇಡೀ ದೇವಾಲಯದ ಆವರಣಕ್ಕೆ ಒಂದು ಪದ ಇದೆ, ಒಳಗಿನ ಪವಿತ್ರ ಭಾಗಕ್ಕೆ 'ನಾವೋಸ್' ಅಂತ ಇನ್ನೊಂದು. ಪೌಲನು ಬಳಸಿದ್ದು ಈ ಎರಡನೆಯದನ್ನು. ನಮ್ಮ ಮಾತಲ್ಲಿ ಹೇಳುವುದಾದರೆ ಗರ್ಭಗುಡಿ. ಬಹಳ ಹಿಂದೆ ಯೆರೂಸಲೇಮಿನಲ್ಲಿ ಮೊದಲ ದೇವಾಲಯ ಕಟ್ಟಿಸಿದ ಅರಸ ಸೊಲೊಮೋನನೂ ಅದರ ಪ್ರತಿಷ್ಠೆಯ ಸಮಯದಲ್ಲೇ, ಆಕಾಶಕ್ಕೂ ಹಿಡಿಸದ ನೀನು ಈ ಮನೆಯಲ್ಲಿ ಹೇಗೆ ಹಿಡಿಸುತ್ತೀ ಅಂತ ಪ್ರಾರ್ಥಿಸಿದ್ದ. ಮತ್ತೆ, ಪೌಲ ಹೇಳುವ 'ನೀವು' ಒಬ್ಬರಿಗೆ ಕೊಟ್ಟ ಮರ್ಯಾದೆಯಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದವಾದ್ದರಿಂದ ಗೊತ್ತಾಗುವುದಿಲ್ಲ, ಮೂಲದಲ್ಲಿ ಅದು ಬಹುವಚನ. ನೀವೆಲ್ಲರೂ ಸೇರಿ ಆಲಯ. ಕನ್ನಡ ಬೈಬಲ್‌ನಲ್ಲಿ ಇರುವ 'ಸಭೆ' ಅನ್ನೋ ಪದವೂ ಕೂಡಿದ ಜನ ಅಂತಲೇ ಅಲ್ವಾ? ಹಾಗಾದರೆ ಎರಡು ವರ್ಷ ನಾವು ಆ ಆಲಯದ ಒಂದು ಭಾಗವನ್ನು ಕೋಡಿಬಾಗದ ಕೋಣೆಯಲ್ಲಿ ಬಿಟ್ಟು, ಬಾಡಿಗೆ ಹಾಲ್‌ನ ನೆಲ ಉಜ್ಜುತ್ತಿದ್ದೆವು. ಇದು ನನ್ನನ್ನು ತುಂಬ ಚುಚ್ಚಿತು. ನೆಲ ಒರೆಸಿದ್ದು ತಪ್ಪಲ್ಲ. ಅಜ್ಜಿಯ ಹತ್ತಿರ ಹೋಗದೆ ಇದ್ದದ್ದು ತಪ್ಪು.

ಭಾನುವಾರ ಆರಾಧನೆ ಆ ಜಗಲಿಯಲ್ಲೇ ಆಯಿತು. ಕುರ್ಚಿ ಎಲ್ಲ ಹಿಡಿಸಲಿಲ್ಲ, ಮಕ್ಕಳು ಚಾಪೆ ಮೇಲೆ ಕುಳಿತರು. ಅಜ್ಜಿಯ ಕೋಣೆಯ ಕಿಟಕಿ ಜಗಲಿಗೇ ತೆರೆಯುತ್ತದೆ, ಮಂಚವನ್ನು ಅದಕ್ಕೆ ತಾಗಿಸಿ ಇಟ್ಟೆವು. ಅವರಿಗೆ ಕಿವಿ ಸ್ವಲ್ಪ ಮಂದ, ಆಮೆನ್ ಎಲ್ಲರದ್ದೂ ಮುಗಿದ ಮೇಲೆ ಅವರದ್ದೊಂದು ಕೇಳುತ್ತಿತ್ತು. ಪ್ರಸಂಗ ಅರ್ಧಕ್ಕೆ ಬಂದಾಗ ಹನ್ನೊಂದು ಗಂಟೆಯಾಯಿತು. ಸೊಸೆ ನನ್ನ ಕಡೆ ನೋಡಿದರು, ನಾನು ಎದ್ದೆ. ಅಯ್ಯನವರು ಮಾತು ನಿಲ್ಲಿಸಿದರು. ಒಳಗೆ ಹೋಗಿ ಕಿಟಕಿಯ ಪರದೆ ಎಳೆದು, ಬೆಡ್‌ಶೀಟ್ ಹಿಡಿದು ಎತ್ತಿ, ಅಜ್ಜಿಯನ್ನು ಎಡಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ದಿಂಬು ಕೊಟ್ಟು ನಾವು ಹೊರಗೆ ಬರುವವರೆಗೂ ಜಗಲಿಯಲ್ಲಿ ಯಾರೂ ಮಾತಾಡಲಿಲ್ಲ, ಹೆಂಚಿನ ಮೇಲೆ ಮಳೆ ಮಾತ್ರ. ನಾನು ಕುಳಿತ ಮೇಲೆ ಅಯ್ಯನವರು ಬಿಟ್ಟ ವಾಕ್ಯದಿಂದ ಮುಂದುವರಿಸಿದರು.