ಟ್ರೋಗುಲಿಡೇ ಚಾರ್ಟ್: ಕೆಲಸ ಎಲ್ಲಿಗೆ ಬಂತು

ಟ್ರೋಗುಲಿಡೇ ಅನ್ನೋದು ಹಾರ್ವೆಸ್ಟ್‌ಮನ್‌ಗಳ ಒಂದು ಕುಟುಂಬ, ಅದರ ಚಾರ್ಟ್ ಬಿಡಿಸ್ತಿದ್ದೇನೆ. ಹೊರ ರೂಪದ ಚಿತ್ರಗಳು ಮುಗಿದವು. ಬಣ್ಣ ಬಾಕಿ. ವರ್ಗೀಕರಣದ ಮರ ಮಾತ್ರ ಇನ್ನೂ ಪೆನ್ಸಿಲ್‌ನಲ್ಲೇ ಇದೆ, ಯಾಕೆ ಅಂತ ಕೊನೆಗೆ ಹೇಳ್ತೀನಿ.

ಹೊಸಬರಿಗೆ ಒಂದು ಮಾತು: ಹಾರ್ವೆಸ್ಟ್‌ಮನ್ ಜೇಡದ ಥರವೇ ಎಂಟು ಕಾಲಿನ ಜೀವಿ, ಆದರೆ ಜೇಡ ಅಲ್ಲ. ಸೊಂಟ ಇಲ್ಲ, ಮೈಯೆಲ್ಲ ಒಂದೇ ತುಂಡು. ಬಲೆ ನೇಯಲ್ಲ, ವಿಷವೂ ಇಲ್ಲ, ಕಣ್ಣು ಎರಡೇ. ಎಲ್ಲರಿಗೂ ಗೊತ್ತಿರೋದು ಕೂದಲೆಳೆಯಂಥ ಉದ್ದ ಕಾಲಿನವು. ಟ್ರೋಗುಲಿಡೇ ಹಾಗಲ್ಲ. ಮೈ ಚಪ್ಪಟೆ, ಕಾಲು ಗಿಡ್ಡ, ನಡಿಗೆ ನಿಧಾನ, ಮೈಮೇಲೆಲ್ಲ ಮಣ್ಣಿನ ಲೇಪ. ಮುಟ್ಟಿದರೆ ಸತ್ತಂತೆ ಬಿದ್ದುಬಿಡುತ್ತವೆ. ಯುರೋಪಿನಲ್ಲಿ, ಅದರಲ್ಲೂ ಮೆಡಿಟರೇನಿಯನ್ ಸುತ್ತ ಇವು ಜಾಸ್ತಿ. ತರಗೆಲೆಯ ಕೆಳಗೆ, ಸುಣ್ಣದ ಅಂಶ ಇರೋ ನೆಲದಲ್ಲಿ ಇರುತ್ತವೆ.

ಸುಣ್ಣದ ನೆಲವೇ ಯಾಕೆ? ಅಲ್ಲಿ ಬಸವನ ಹುಳು ಹೆಚ್ಚು, ಇವುಗಳ ಊಟವೇ ಅದು. ಚಾರ್ಟ್‌ನಲ್ಲಿ ನನಗೆ ತುಂಬಾ ಇಷ್ಟವಾದ ಭಾಗವೂ ಇದೇ. ಇಸ್ಕಿರೋಪ್ಸಾಲಿಸ್ ಅಂತ ಇನ್ನೊಂದು ಗುಂಪು ಕೂಡ ಬಸವನ ಹುಳು ತಿನ್ನುತ್ತದೆ, ಆದರೆ ಅದಕ್ಕೆ ಮೈಗಿಂತ ಉದ್ದದ ಇಕ್ಕಳಗಳಿವೆ, ಚಿಪ್ಪನ್ನೇ ಮುರಿದುಹಾಕುತ್ತದೆ. ಟ್ರೋಗುಲಿಡೇಯ ಮುಖ್ಯ ಕುಲವಾದ ಟ್ರೋಗುಲಸ್ ಚಿಪ್ಪಿನ ಬಾಯಿಂದಲೇ ಒಳಗೆ ನುಗ್ಗುತ್ತದೆ. ಮೈ ಯಾಕೆ ಅಷ್ಟು ಚಪ್ಪಟೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉತ್ತರ ನನಗೆ ಸಿಕ್ಕಿಲ್ಲ. ಹೆಣ್ಣು ಮೊಟ್ಟೆ ಇಡೋದೂ ಖಾಲಿ ಚಿಪ್ಪಿನೊಳಗೇ, ಇಟ್ಟ ಮೇಲೆ ಸ್ರಾವದಿಂದ ಬಾಯಿ ಮುಚ್ಚಿಬಿಡುತ್ತದೆ. ಒಂದೇ ಹುಳದಿಂದ ಊಟವೂ ಆಯ್ತು, ತೊಟ್ಟಿಲೂ ಆಯ್ತು! ಇಸ್ಕಿರೋಪ್ಸಾಲಿಸ್ ಬೇರೆ ಕುಟುಂಬವೇ ಆದರೂ ಎರಡನ್ನೂ ಅಕ್ಕಪಕ್ಕ ಬಿಡಿಸಿದ್ದೇನೆ. ಹಾಗೆ ನೋಡಿದರೇ ವಿಷಯ ತಲೆಗೆ ಹೋಗೋದು.

ಬಿಡಿಸೋಕೆ ಕಷ್ಟ ಕೊಟ್ಟಿದ್ದು ತಲೆಯ ಮುಂದಿನ ಟೋಪಿ. ಬೆನ್ನಿನ ಮುಂಭಾಗವೇ ಮುಂದೆ ಚಾಚಿ, ಬಾಯಿಯ ಭಾಗಗಳನ್ನು ಪೂರ್ತಿ ಮುಚ್ಚಿರುತ್ತದೆ. ಪುಟ್ಟ ಕಣ್ಣುಗಳು ಅದರ ಬುಡದಲ್ಲಿ. ಮೇಲಿಂದ ನೋಡಿದರೆ ಬಾಯಿ ಕಾಣಲ್ಲ, ಹಾಗಾಗಿ ಕೆಳಗಿನ ನೋಟವನ್ನೂ ಹಾಕಲೇಬೇಕಾಯ್ತು. ಮಣ್ಣಿನ ಲೇಪಕ್ಕೂ ಒಂದು ದಾರಿ ಮಾಡಿದ್ದೇನೆ: ಮೈಯ ಎಡಭಾಗ ಮಣ್ಣು ಸಮೇತ, ಬಲಭಾಗ ಮಣ್ಣು ತೆಗೆದು. ಮಣ್ಣು ಹಿಡಿದಿಡೋ ಸಣ್ಣ ಸಣ್ಣ ಉಬ್ಬುಗಳು ಆಗ ಮಾತ್ರ ಕಾಣುತ್ತವೆ.

ಈಗ ಮರದ ವಿಷಯ. ಕುಟುಂಬಕ್ಕೆ ಹೆಸರಿಟ್ಟವನು ಸುಂಡೆವಾಲ್, 1833ರಲ್ಲಿ. ಅದಕ್ಕೂ ಮೊದಲೇ, 1763ರಲ್ಲಿ ಸ್ಕೋಪೋಲಿ ಟ್ರೋಗುಲಸ್ ನೆಪಿಫಾರ್ಮಿಸ್ ಅನ್ನೋ ಪ್ರಭೇದವನ್ನು ವರ್ಣಿಸಿದ್ದ. ಟ್ರೋಗುಲಸ್, ಅನೆಲಾಸ್ಮೋಸೆಫಾಲಸ್, ಕ್ಯಾಲಥೋಕ್ರೇಟಸ್ ಇಲ್ಲಿನ ಮುಖ್ಯ ಕುಲಗಳು. ಡಿಕ್ರಾನೊಲಾಸ್ಮಾ ಹಿಂದೆ ಇದೇ ಕುಟುಂಬದಲ್ಲಿತ್ತು, ಈಗ ಅದಕ್ಕೆ ಬೇರೆ ಮನೆ. ಇಷ್ಟಕ್ಕೆ ಶಾಯಿ ಹಾಕಬಹುದು. ತಲೆನೋವು ಇರೋದು ಟ್ರೋಗುಲಸ್ ಒಳಗಿನ ಪ್ರಭೇದಗಳದ್ದು. ಹೊರಗಿಂದ ನೋಡಿದರೆ ಎಲ್ಲವೂ ಒಂದೇ ಥರ, ಅಳತೆಯಲ್ಲಿ ಒಂದಿಷ್ಟು ವ್ಯತ್ಯಾಸ ಅಷ್ಟೇ. ಗಂಡಿನ ಜನನಾಂಗದ ತುದಿ ನೋಡಿ ಬೇರ್ಪಡಿಸಬೇಕು. 2010ರಲ್ಲಿ ಶೋನ್‌ಹೋಫರ್ ಮತ್ತು ಮಾರ್ಟೆನ್ಸ್ ಡಿಎನ್‌ಎ ಹೋಲಿಸಿ ನೋಡಿದಾಗ, ಒಂದೇ ಹೆಸರಿನ ಕೆಳಗೆ ಹಲವು ಪ್ರಭೇದಗಳು ಅಡಗಿರೋದು ಕಂಡುಬಂತು. ಹೊರ ರೂಪ ನಂಬಿ ಪ್ರಭೇದದ ಮಟ್ಟದವರೆಗೆ ಕೊಂಬೆ ಎಳೆದರೆ ಅದು ಸುಮ್ನೆ ಅಲಂಕಾರ ಆಗುತ್ತದೆ, ಅಲ್ವಾ? ಅದಕ್ಕೇ ಕುಲದವರೆಗೆ ಮಾತ್ರ ಗಟ್ಟಿ ಗೆರೆ, ಅದರ ಕೆಳಗೆ ಚುಕ್ಕಿ ಗೆರೆ. ಚುಕ್ಕಿ ಗೆರೆಗಳ ಪಕ್ಕ ಜನನಾಂಗದ ತುದಿಯ ಚಿತ್ರ ಹಾಕ್ತೀನಿ, ಟೋಪಿಯದ್ದಲ್ಲ.

ಬಣ್ಣ ಮುಗಿದ ಮೇಲೆ ನೆಮಸ್ಟೊಮಾಟಿಡೇ. ಅವೂ ಹತ್ತಿರದ ನೆಂಟರೇ, ಕೆಲವಕ್ಕೆ ಕಪ್ಪು ಮೈಮೇಲೆ ಬೆಳ್ಳಿ ಬಣ್ಣದ ಮಚ್ಚೆ ಇರುತ್ತದೆ. ಮಣ್ಣಿನ ಬಣ್ಣ ಬಿಟ್ಟು ಬೇರೆ ಏನಾದರೂ ಬಳಿಯೋ ಅವಕಾಶ ಆಗಲಾದರೂ ಸಿಗಬಹುದು.