ವೀರಗಲ್ಲು ಯಾರ ಸುಪರ್ದಿಗೆ?

ಸೊರಬ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕೆರೆಯ ಹೂಳೆತ್ತುವಾಗ ಸಿಕ್ಕಿದ ವೀರಗಲ್ಲನ್ನು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಸಾಗಿಸುವಂತೆ ಅಲ್ಲಿನ ಸಿಬ್ಬಂದಿಯಾದ ನಮಗೆ ವಾಟ್ಸಾಪ್‌ನಲ್ಲಿ ಆದೇಶ ಬಂದಿತ್ತು. ಎತ್ತಲು ಚೈನ್ ಬ್ಲಾಕ್ ಆಗಲಿ, ತಂದ ಮೇಲೆ ಎಲ್ಲಿಡಬೇಕೆಂಬ ಸೂಚನೆಯಾಗಲಿ ಬರಲಿಲ್ಲ. ನಾವು ತಲುಪುವಷ್ಟರಲ್ಲಿ ಊರಿನವರು ಕಲ್ಲಿಗೆ ಅರಿಶಿನ, ಕುಂಕುಮ ಹಚ್ಚಿ ಎಣ್ಣೆ ಎರೆದಿದ್ದರು.

ಮಣ್ಣಿನಡಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂಬ ಕಾಯ್ದೆಯನ್ನು ವಿವರಿಸುತ್ತಲೇ ನಾನು ಮಹಜರು ಬರೆಯತೊಡಗಿದೆ. ಹಿರಿಯರೊಬ್ಬರು ಕಲ್ಲಿನ ಕೆಳಭಾಗದ ಕೆತ್ತನೆಯ ಪಟ್ಟಿಕೆಯನ್ನು ತೋರಿಸಿ, “ದನ ಕಾಣ್ತದಲ್ಲ ಸ್ವಾಮಿ? ಊರ ದನ ಬಿಡಿಸಿಕೊಂಡು ಬರಕ್ಕೆ ಹೋಗಿ ಸತ್ತವನು. ಶಿವಮೊಗ್ಗದಲ್ಲಿ ಯಾರ ದನ ಕಾಯಬೇಕು ಇವನು?” ಎಂದರು. “ನಮ್ಮ ಕಲ್ಲು ನೋಡಕ್ಕೆ ನಾವೇ ಟಿಕೆಟ್ ತಗಬೇಕಾ?” ಎಂದು ಹಿಂದಿನಿಂದ ಹೆಂಗಸೊಬ್ಬರು ಕೇಳಿದರು. ಊರಿನವನೇ ಆದ ಟ್ರ್ಯಾಕ್ಟರ್ ಚಾಲಕ ಕೀಲಿಯನ್ನು ಜೇಬಿಗೆ ಹಾಕಿಕೊಂಡು ಏರಿಯ ಮೇಲೆ ಹೋಗಿ ಕುಳಿತ. ಪೊಲೀಸರನ್ನು ಕರೆಸೋಣವೆಂದು ಸಹೋದ್ಯೋಗಿ ಪಿಸುಗುಟ್ಟಿದರು. ಮಹಜರಿಗೆ ಪಂಚರಾಗಿ ಸಹಿ ಹಾಕಲು ಒಬ್ಬರೂ ಮುಂದೆ ಬರಲಿಲ್ಲ.

ಬೇರೆ ದಾರಿ ಕಾಣದೆ, ಕಲ್ಲಿನ ಬರಹದ ಅಚ್ಚು ತೆಗೆಯಲೆಂದು ನೀರು ತರಿಸಿದೆ. ಎಣ್ಣೆಯ ಜಿಡ್ಡನ್ನು ತೊಳೆದು, ಒದ್ದೆ ಕಾಗದವನ್ನು ಹಾಸಿ, ಬ್ರಷ್ಷಿನಿಂದ ಬಡಿದು ಮಸಿ ಒತ್ತಿದಾಗ ಕಪ್ಪಿನ ನಡುವೆ ಬಿಳಿಯಾಗಿ ಮೂಡಿದ ಅಕ್ಷರಗಳಲ್ಲಿ ‘ತುಱುವಂ ಮಗುಳ್ಚಿ’ ಎಂಬುದು ಸ್ಪಷ್ಟವಾಗಿತ್ತು. ದನಗಳನ್ನು ಮರಳಿಸಿ ಎಂದರ್ಥವೆಂದು ಓದಿ ಹೇಳಿದೆ. ಹಿರಿಯರು ಗೆದ್ದವರಂತೆ ನನ್ನನ್ನು ನೋಡಿದರು. ಅಚ್ಚು ತೆಗೆಯುವ ಕೆಲಸ ಮೊದಲು, ಮಹಜರು ಆಮೇಲೆ ಎಂಬ ಕ್ರಮ ನಮ್ಮ ಯಾವ ಸುತ್ತೋಲೆಯಲ್ಲೂ ಇಲ್ಲ.

ಊರಿನವರ ವಾದ ಪೂರ್ತಿ ಸರಿಯೆಂದು ನಾನು ಹೇಳಲಾರೆ. ಎಣ್ಣೆ, ಸುಣ್ಣ, ಆಯಿಲ್ ಪೇಂಟ್ ಸೇರಿ ಅಕ್ಷರಗಳು ಮುಚ್ಚಿಹೋದ ಶಾಸನಗಳನ್ನು ಸಾಕಷ್ಟು ಕಂಡಿದ್ದೇನೆ; ಲೋಹದ ವಿಗ್ರಹವೋ ನಾಣ್ಯವೋ ಸಿಕ್ಕಿದ್ದರೆ ಕಳ್ಳತನದ ಭಯಕ್ಕೆ ಅಂದೇ ಶಿವಮೊಗ್ಗಕ್ಕೆ ಒಯ್ಯಬೇಕೆಂದು ಹಟ ಹಿಡಿಯುತ್ತಿದ್ದೆ. ಆದರೆ ತಾಳಗುಂದದ ಸ್ತಂಭಶಾಸನ ಇಂದಿಗೂ ಪ್ರಣವೇಶ್ವರನ ಎದುರಿನಲ್ಲೇ ನಿಂತಿದೆ, ಬೇರೆಡೆ ಸಾಗಿಸಿದ ಹಲ್ಮಿಡಿ ಶಾಸನದ ಊರಿಗೆ ಉಳಿದದ್ದು ಪ್ರತಿಕೃತಿ. ನಮ್ಮ ಅಂಗಳದಲ್ಲಂತೂ ಯಾವ ಊರಿನದೆಂಬ ಚೀಟಿಯೂ ಇಲ್ಲದ ಕಲ್ಲುಗಳು ಮುಂಗಾರಿನಲ್ಲಿ ಪಾಚಿ ಹಿಡಿದು ಗೋಡೆಗೊರಗಿ ನಿಂತಿವೆ.

ಏರಿಯ ಮೇಲೆ ಮಾಡು ಕಟ್ಟಿಸುವುದಾಗಿಯೂ, ಪೂಜೆಗೆ ಹೂವನ್ನಷ್ಟೇ ಇಡುವುದಾಗಿಯೂ ಊರಿನವರು ಬರೆದುಕೊಟ್ಟರು. ಅಚ್ಚಿನ ಒಂದು ಪ್ರತಿಯನ್ನು ನಾವು ಕೊಟ್ಟೆವು. ಮಾಡು ಎದ್ದಿದೆ. ಕಚೇರಿಯ ಕಡತದಲ್ಲಿ ಮಾತ್ರ ವಿಷಯ ‘ವೀರಗಲ್ಲು ಸ್ಥಳಾಂತರ’ ಎಂದೇ ಇದ್ದು, ಪರಿಶೀಲನಾ ಸಭೆಗಳಲ್ಲಿ ವಿಳಂಬಕ್ಕೆ ಕಾರಣ ಕೇಳುತ್ತಲೇ ಇದ್ದಾರೆ.