ಈಸ್ಟ್ರೋಜೆನ್ ಇಲ್ಲದ ಗರ್ಭನಿರೋಧಕ ಮಾತ್ರೆ: ಹೊತ್ತು ತಪ್ಪಿದರೆ ಏನು ಮಾಡಬೇಕು

ಮೊದಲು ಶೀಟಿನ ಹಿಂಭಾಗ ಓದಿ. ‘ಡೆಸೋಜೆಸ್ಟ್ರೆಲ್ 75 ಮೈಕ್ರೋಗ್ರಾಂ’ ಎಂದಷ್ಟೇ ಇದ್ದರೆ ಅದು ಪ್ರೊಜೆಸ್ಟೋಜೆನ್ ಎಂಬ ಹಾರ್ಮೋನು ಮಾತ್ರ ಇರುವ, ಈಸ್ಟ್ರೋಜೆನ್ ಇಲ್ಲದ ಮಾತ್ರೆ. ಜೊತೆಗೆ ಎಥಿನೈಲ್ ಎಸ್ಟ್ರಾಡಿಯಾಲ್ (ಇದೇ ಈಸ್ಟ್ರೋಜೆನ್) ಅಂತಲೂ ಇದ್ದರೆ ಬೇರೆ ಜಾತಿಯದು. ಮಾಲಾ-ಡಿ, ಮಾಲಾ-ಎನ್ ಎರಡೂ ಆ ಜಾತಿಯವೇ. ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವ ಛಾಯಾದಲ್ಲಿ ಹಾರ್ಮೋನೇ ಇಲ್ಲ, ಅದರ ಲೆಕ್ಕ ದಿನದ್ದಲ್ಲ, ವಾರದ್ದು. ಎದೆಹಾಲು ಕೊಡುವ ಬಾಣಂತಿಗೆ, 35 ದಾಟಿ ಸಿಗರೇಟ್ ಸೇದುವವರಿಗೆ, ಬಿಪಿ ಇರುವವರಿಗೆ ಡಾಕ್ಟರು ಡೆಸೋಜೆಸ್ಟ್ರೆಲ್ ಬರೆಯುವುದು ಅದರಲ್ಲಿ ಈಸ್ಟ್ರೋಜೆನ್ ಇಲ್ಲದ್ದಕ್ಕೇ.

ಶೀಟಿನ 28 ಮಾತ್ರೆಯಲ್ಲೂ ಔಷಧ ಇದೆ. ಒಂದು ಶೀಟ್ ಮುಗಿದ ಮರುದಿನವೇ ಇನ್ನೊಂದು ಶುರು. ಹಿಂದೆ 21 ಮಾತ್ರೆಯ ಶೀಟ್ ತಗೊಂಡ ರೂಢಿಯಲ್ಲಿ ನಡುವೆ ಒಂದು ವಾರ ಬಿಡುವವರು ಇದ್ದಾರೆ. ಹೀಗೆ ಬಿಟ್ಟರೆ ಗರ್ಭ ನಿಲ್ಲಬಹುದು. ಮುಟ್ಟಿನ ಮೊದಲ ದಿನ ಶುರುಮಾಡಿದರೆ ಅಂದಿನಿಂದಲೇ ರಕ್ಷಣೆ. ಆಮೇಲೆ ಶುರುಮಾಡಿದರೆ 7 ದಿನ ಕಾಂಡೋಮ್ ಬಳಸಿ. 2 ದಿನ ಸಾಕು ಎನ್ನುವ ಮಾರ್ಗಸೂಚಿಗಳೂ ಇವೆ, ಆದರೆ ಡೆಸೋಜೆಸ್ಟ್ರೆಲ್ ತಯಾರಕರ ಚೀಟಿಯಲ್ಲಿ 7 ಅಂತಿದೆ. ಅದನ್ನೇ ಪಾಲಿಸುವುದು ಕ್ಷೇಮ.

ದಿನಾ ಒಂದೇ ಹೊತ್ತಿಗೆ ನುಂಗಬೇಕು. ಎಲೆಕ್ಟ್ರಾನಿಕ್ ಸಿಟಿ, ವೈಟ್‌ಫೀಲ್ಡ್ ಕಡೆ ಶಿಫ್ಟ್ ಕೆಲಸ ಮಾಡುವವರು ‘ಎದ್ದ ಕೂಡಲೇ’ ಅಂತ ಇಟ್ಟುಕೊಂಡರೆ ಶಿಫ್ಟ್ ಬದಲಾದ ವಾರ ಲೆಕ್ಕ ಕೆಡುತ್ತದೆ. ಎರಡೂ ಶಿಫ್ಟಿನಲ್ಲಿ ಎಚ್ಚರವಿರುವ ಹೊತ್ತು, ಸಂಜೆ 6 ಅನ್ನಿ, ಗೊತ್ತುಮಾಡಿಕೊಂಡು ಅಲಾರಂ ಇಡಿ. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗಲೂ ಕೈಗೆ ಸಿಗುವಂತೆ ಶೀಟ್ ಬ್ಯಾಗಿನಲ್ಲೇ ಇರಲಿ.

ಡೆಸೋಜೆಸ್ಟ್ರೆಲ್ 12 ಗಂಟೆವರೆಗೆ ತಡವಾದರೂ ರಕ್ಷಣೆ ಕೊಡುತ್ತದೆ, ಏಕೆಂದರೆ ಅದು ಅಂಡ ಬಿಡುಗಡೆಯನ್ನೇ ನಿಲ್ಲಿಸುತ್ತದೆ. ಮುಖ್ಯವಾಗಿ ಗರ್ಭಕೊರಳಿನ ಲೋಳೆ ಗಟ್ಟಿ ಮಾಡಿಯೇ ಕೆಲಸ ಮಾಡುವ ಹಳೆಯ ಲೆವೊನೋರ್ಜೆಸ್ಟ್ರೆಲ್ ಮಾತ್ರೆಗೆ 3 ಗಂಟೆ ಮಾತ್ರ. 12 ದಾಟಿದರೆ ನೆನಪಾದ ತಕ್ಷಣ ಒಂದು ನುಂಗಿ, ಮುಂದಿನದನ್ನು ಮಾಮೂಲಿ ಹೊತ್ತಿಗೇ ತಗೊಳ್ಳಿ. ಒಂದೇ ದಿನ ಎರಡಾದರೂ ತೊಂದರೆ ಇಲ್ಲ. ಮುಂದಿನ 7 ದಿನ ಕಾಂಡೋಮ್. ತಪ್ಪಿದ್ದು ಮಾತ್ರೆ ಶುರುಮಾಡಿದ ಮೊದಲ ವಾರದಲ್ಲೇ ಆಗಿ, ಅದರ ಹಿಂದಿನ ವಾರ ಸಂಪರ್ಕ ಆಗಿದ್ದರೆ, ಕಾಯದೆ ಡಾಕ್ಟರನ್ನು ಕೇಳಿ. ನುಂಗಿ 3–4 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತಗೊಳ್ಳಬೇಕು.

ಮೊದಲ ತಿಂಗಳುಗಳಲ್ಲಿ ಆಗಾಗ ರಕ್ತದ ಕಲೆ ಕಾಣಬಹುದು, ಕೆಲವರಿಗೆ ಮುಟ್ಟೇ ನಿಲ್ಲಬಹುದು. ಕೆಟ್ಟ ರಕ್ತ ಒಳಗೇ ಉಳಿಯುತ್ತೆ ಅಂತ ಮನೆಯ ಹಿರಿಯರು ಹೆದರಿಸಿದರೆ ಮಾತ್ರೆ ಬಿಡಬೇಡಿ. ಗರ್ಭಕೋಶದ ಒಳಪದರ ತೆಳುವಾಗಿರುತ್ತದೆ, ಹೊರಬರಲು ಅಲ್ಲಿ ಏನೂ ಇರುವುದಿಲ್ಲ. ಮಾತ್ರೆ ತಪ್ಪಿಸಿ ಮುಟ್ಟೂ ನಿಂತಿದ್ದರೆ ಮಾತ್ರ ಮೂತ್ರ ಪರೀಕ್ಷೆ ಮಾಡಿ. ಕಿಬ್ಬೊಟ್ಟೆಯ ಒಂದೇ ಬದಿಗೆ ಜೋರು ನೋವು ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ, ಅಂಡನಾಳದಲ್ಲಿ ಗರ್ಭ ನಿಂತಿರಬಹುದು.

ಟಿಬಿಗೆ ಕೊಡುವ ರಿಫಾಂಪಿಸಿನ್, ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಕಾರ್ಬಮಜೆಪಿನ್ ಈ ಮಾತ್ರೆಯ ಬಲ ಕುಗ್ಗಿಸುತ್ತವೆ. ಅವನ್ನು ನಿಲ್ಲಿಸಿದ 4 ವಾರದವರೆಗೂ ಇದನ್ನೊಂದನ್ನೇ ನೆಚ್ಚಬೇಡಿ. ಸ್ತನ ಕ್ಯಾನ್ಸರ್ ಆಗಿದ್ದವರಿಗೆ, ಲಿವರ್ ಕಾಯಿಲೆ ತೀವ್ರವಾಗಿರುವವರಿಗೆ ಇದು ಬೇಡ. ಇಂಥವರು ಕಾಪರ್-ಟಿ ಹಾಕಿಸುವ ಬಗ್ಗೆ ಡಾಕ್ಟರ ಹತ್ತಿರ ಮಾತಾಡಿ.